ಗೆರೆ ತಪ್ಪದ ನೀರು

"ಡೋಬ್ರಿ, ಈ ಮನೆಗೆ ಸೀಲ್ ಹಾಕಿದ್ಯಾ?"

ಇನ್‌ಸ್ಪೆಕ್ಟರ್ ಮಿಲ್ಕಾ ತಾನೆವಾ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆ ಕೂಡ ತಿರುಗಿಸದೆ ಕೇಳಿದ ಪ್ರಶ್ನೆ. ಅವಳು ಹೀಗೆ ಕೇಳಿದಳೆಂದರೆ ಉತ್ತರ ಅವಳಿಗೆ ಆಗಲೇ ಗೊತ್ತಿದೆ ಎಂದು ಠಾಣೆಯಲ್ಲಿ ಎಲ್ಲರಿಗೂ ಗೊತ್ತು.

ಹಿಂದೆ ನಿಂತಿದ್ದ ಹವಾಲ್ದಾರ ಡೋಬ್ರಿಯ ಬಾಯಿತುಂಬ ಚೀಸ್ ತುಂಬಿದ ಪದರು ರೊಟ್ಟಿ, ಬಾನಿತ್ಸಾ ಇತ್ತು. ಅವನು ಅವಸರದಲ್ಲಿ ನುಂಗಿ ಎಣ್ಣೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೀಗ ಹಾಕಿದ್ದೆ ಮೇಡಂ."

"ಬೀಗದ ವಿಷಯ ಕೇಳಲಿಲ್ಲ ನಾನು."

"ಹೆಣ ಸಿಕ್ಕಿಲ್ಲ. ರಕ್ತ ಸಿಕ್ಕಿದ್ದು ಹುಡುಗನ ಕಾರಲ್ಲಿ. ಮನೆಗ್ಯಾಕೆ ಸೀಲು ಅಂತ..."

"ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ಶಭಾಷ್!"

ಡೋಬ್ರಿ ಟೋಪಿ ಸರಿಮಾಡಿಕೊಂಡ. ಇಪ್ಪತ್ತೆಂಟು ವರ್ಷ ಸರ್ವೀಸು, ಒಂದು ಕೆಟ್ಟ ಮಂಡಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸಿದ ಮನುಷ್ಯ; ಬೈಸಿಕೊಳ್ಳುವಾಗ ಮಾತ್ರ ಶಾಲೆಯ ಹುಡುಗನ ಮುಖ ಬರುತ್ತಿತ್ತು.

ಸ್ತೋಯಿಲ್ ವರ್ಬಾನೊವ್ ಕಾಣೆಯಾಗಿ ಇವತ್ತಿಗೆ ಹನ್ನೊಂದು ದಿನ. ಅವನನ್ನು ಕೊಂದನೆಂದು ಅವನ ಅಕ್ಕನ ಮಗ ಯಾಸೆನ್‌ನನ್ನು ಲಾಕಪ್ಪಿಗೆ ಹಾಕಿ ಮೂರು ದಿನ. ಇವತ್ತು ನಾಲ್ಕು ಗಂಟೆಗೆ ಎಪ್ಪತ್ತೆರಡು ಗಂಟೆಯ ಗಡುವು ಮುಗಿಯುತ್ತದೆ. ಅಷ್ಟರೊಳಗೆ ಬೇರೆ ಏನೂ ಸಿಗದಿದ್ದರೆ ಪ್ರಾಸಿಕ್ಯೂಟರ್ ಸ್ಟಾಂಚೆವ್ ಕೊಲೆಯ ಆರೋಪಕ್ಕೆ ರುಜು ಹಾಕುತ್ತಾನೆ. ಆಮೇಲೆ ಇಪ್ಪತ್ನಾಲ್ಕು ವರ್ಷದ ಆ ಹುಡುಗ ಹೊರಗಿನ ಬೆಳಕು ಕಾಣುವುದು ಯಾವ ಕಾಲಕ್ಕೋ.

ಗೋಡೆ ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಹುಡುಗ ಕೊಂದಿಲ್ಲ ಎಂದು ಮಿಲ್ಕಾಗೆ ಮೊದಲ ದಿನದಿಂದಲೂ ಅನಿಸಿತ್ತು. ಕಾರಿನಲ್ಲಿ ರಕ್ತ ಇದ್ದದ್ದು ನಿಜ. ಸೀಟಿನ ಕೆಳಗೆ ಸ್ತೋಯಿಲ್‌ನ ಕನ್ನಡಕ ಇದ್ದದ್ದೂ ನಿಜ. ಕಾಣೆಯಾದ ದಿನ ಮಾವ ಅಳಿಯ ಇಬ್ಬರೂ ಕೂಗಾಡಿದ್ದನ್ನು ಕೆಳಗಿನ ಮನೆಯವರು ಕೇಳಿದ್ದಾರೆ. "ತೊಟ್ಟಿಗೆ ಹಾಕೋ ಕಲ್ಲು ಹೊರುವಾಗ ಮಾವನ ಅಂಗೈ ಸೀಳಿಹೋಯ್ತು, ಆಸ್ಪತ್ರೆಗೆ ಬಾ ಅಂದ್ರೆ ಬೈದ," ಎಂದು ಹುಡುಗ ಮೂರು ದಿನದಿಂದ ಒಂದೇ ಮಾತು ಹೇಳುತ್ತಿದ್ದಾನೆ. ನಂಬುವವರು ಯಾರು? ಮಿಲ್ಕಾ ನಂಬಿದ್ದಳು. ನಂಬಿದರೆ ಸಾಲದು, ಅದನ್ನು ಕಾಗದದ ಮೇಲೆ ತೋರಿಸಬೇಕು.

ತೊಟ್ಟಿ ದೊಡ್ಡದೇನಲ್ಲ. ನೂರು ಲೀಟರ್ ಹಿಡಿಸಬಹುದು. ಕಲ್ಲು, ಕಲ್ಲಿನ ಮೇಲೆ ಹವಳ, ಹವಳದ ಸಂದಿಯಲ್ಲಿ ಶಂಖ ಹೊತ್ತ ಸನ್ಯಾಸಿ ಏಡಿಗಳು. ಒಂದಕ್ಕೆ ನೀಲಿ ಕಾಲು, ಇನ್ನೊಂದಕ್ಕೆ ಕೆಂಪು ಕಾಲು. ಎಲ್ಲವೂ ಅವಸರವೇ ಇಲ್ಲದೆ ಕಲ್ಲನ್ನು ಕೆರೆದು ಕೆರೆದು ತಿನ್ನುತ್ತಿದ್ದವು. ಗಾಜಿನ ಅಂಚಿನಲ್ಲಿ ಒಂದು ಕಪ್ಪು ಟೇಪಿನ ಗೆರೆ. ನೀರು ಆ ಗೆರೆಗೆ ಸರಿಯಾಗಿ ನಿಂತಿತ್ತು.

"ಮೇಡಂ, ಈ ಹುಳ ನೋಡ್ತಾ ಕೂತ್ರೆ ನಾಲ್ಕು ಹೊಡೆದೇ ಹೋಗತ್ತೆ," ಎಂದ ಡೋಬ್ರಿ.

"ನಿಮ್ಮ ಮನೇಲಿ ರೇಡಿಯೇಟರ್ ಮೇಲೆ ನೀರಿನ ಬಟ್ಟಲು ಇಡ್ತೀರಾ?"

"ಹೂಂ. ಇಲ್ದಿದ್ರೆ ನನ್ನ ಹೆಂಡ್ತಿಗೆ ರಾತ್ರಿಯೆಲ್ಲ ಕೆಮ್ಮು."

"ಎಷ್ಟು ದಿನಕ್ಕೆ ಒಣಗತ್ತೆ?"

"ಎರಡು ದಿನ. ಫೆಬ್ರವರಿ ತಾನೆ? ಹೀಟರ್ ಜೋರಾಗಿರತ್ತೆ..." ಡೋಬ್ರಿಯ ಮಾತು ಅಲ್ಲಿಗೇ ನಿಂತಿತು. ಅವನು ಕೋಣೆಯ ರೇಡಿಯೇಟರನ್ನು ಮುಟ್ಟಿ ನೋಡಿ ಚಟಕ್ಕನೆ ಕೈ ತೆಗೆದ. ಆಮೇಲೆ ಟೇಪಿನ ಗೆರೆ ನೋಡಿದ. "ಅಯ್ಯೋ ದೇವ್ರೇ!"

"ಈಗ ಹೇಳು, ಬೀಗ ಸಾಕಿತ್ತಾ?"

*

ಲ್ಯೂಬೆನ್ ಇಪ್ಪತ್ತು ನಿಮಿಷದಲ್ಲಿ ಬಂದ. ಮಾರುಕಟ್ಟೆಯ ಹಿಂದೆ ಅಕ್ವೇರಿಯಂ ಅಂಗಡಿ ಇಟ್ಟವನು, ರೂಸೆ ಊರಿನ ಉಪ್ಪುನೀರು ತೊಟ್ಟಿಯವರ ಸಂಘಕ್ಕೆ ಕಾರ್ಯದರ್ಶಿ. ಉದ್ದನೆಯ ಆಳು, ಮೆತ್ತಗಿನ ದನಿ. ಬಾಗಿಲಲ್ಲೇ ಶೂ ಬಿಚ್ಚಿದ. ಪೊಲೀಸರಿಬ್ಬರೂ ಶೂ ಹಾಕಿಕೊಂಡೇ ನಿಂತಿದ್ದನ್ನು ನೋಡಿ ಮುಖ ಸಿಂಡರಿಸಿದ.

"ಒಂದು ವರ್ಷ ಆಯ್ತು ನಾನು ಈ ಮನೆಗೆ ಕಾಲಿಟ್ಟು," ಎಂದ.

"ಯಾಕೆ?"

"ಸ್ತೋಯಿಲ್‌ಗೂ ನನಗೂ ಮಾತಿಲ್ಲ. ಈ ಏಡಿ ಮೊಟ್ಟೆ ಇಡೋದು ಸುಲಭ ಮೇಡಂ, ಮರಿ ಉಳಿಯಲ್ಲ. ನಮ್ಮ ಸಂಘದಲ್ಲಿ ಹದಿನೈದು ವರ್ಷದಿಂದ ಎಲ್ಲರೂ ಕೈ ಸುಟ್ಕೊಂಡಿದೀವಿ. ಇವನು ಒಂಬತ್ತು ಮರಿ ಬೆಳೆಸಿದ. ಹೆಂಗೆ ಮಾಡ್ದೆ ಮಾರಾಯಾ ಅಂದ್ರೆ ನಗ್ತಾನೆ. ಅವನಿಗೆ ಇದನ್ನೆಲ್ಲ ಕಲಿಸಿದ್ದೇ ನಾನು! ನನ್ನ ಹತ್ರನೇ ಬಾಯಿ ಬಿಡಲಿಲ್ಲ."

ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ವರ್ಷ ಕಳೆದರೂ ಆರದ ನೋವು. ಮಿಲ್ಕಾ ಅದನ್ನು ಗಮನಿಸಿದಳು. ಏಡಿಯ ಮರಿಗಾಗಿ ಮನುಷ್ಯ ಮನುಷ್ಯನನ್ನು ಕೊಲ್ಲಬಹುದೇ? ಹತ್ತು ವರ್ಷ ಈ ಕೆಲಸ ಮಾಡಿದ ಮೇಲೆ ಅವಳು ಯಾವ ಕಾರಣವನ್ನೂ ಸಣ್ಣದು ಎನ್ನುತ್ತಿರಲಿಲ್ಲ.

"ಅಯ್ಯಯ್ಯೋ, ಒಂದು ಸತ್ತೋಗಿದೆ ನೋಡಿ!" ಡೋಬ್ರಿ ಗಾಜಿಗೆ ಬೆರಳು ತೋರಿಸಿದ. ಮರಳಿನ ಮೇಲೆ ಕಾಲು, ಕೊಂಡಿ, ಕಣ್ಣು ಎಲ್ಲ ಇದ್ದ ಒಂದು ಏಡಿ ಅಲ್ಲಾಡದೆ ಬಿದ್ದಿತ್ತು.

ಲ್ಯೂಬೆನ್ ಮೊದಲ ಸಲ ನಕ್ಕ. "ಸತ್ತಿಲ್ಲ ಅಣ್ಣ, ಅಂಗಿ ಬಿಚ್ಚಿದೆ. ಬೆಳೆದ ಹಾಗೆಲ್ಲ ಹಳೇ ತೊಗಲು ಕಳಚಿ ಬಿಸಾಕತ್ತೆ. ಹೊಸಬರು ಅತ್ತುಕೊಂಡು ಫೋನ್ ಮಾಡ್ತಾರೆ ನನಗೆ, ನನ್ನ ಏಡಿ ಹೋಯ್ತು ಅಂತ. ನೀವು ಪರವಾಗಿಲ್ಲ, ಅಳಲಿಲ್ಲ."

ಅವನು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ತೋಳನ್ನು ಮೊಣಕೈ ಮೇಲಕ್ಕೆ ಮಡಿಚಿ, ಅಡುಗೆಮನೆಯ ನಲ್ಲಿಯಲ್ಲಿ ಸೋಪು ಮುಟ್ಟದೆ ಕೈ ತೊಳೆದು ಬಂದ. ಕಪಾಟಿನ ಎರಡನೇ ಅರೆಯ ಹಿಂದೆ ಕೈಹಾಕಿ ಉಪ್ಪು ಅಳೆಯುವ, ಪುಟ್ಟ ದುರ್ಬೀನಿನಂಥ ಒಂದು ಸಾಧನ ತೆಗೆದ. ಅದರ ಗಾಜಿನ ಮೇಲೆ ತೊಟ್ಟಿಯ ನೀರು ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಜಾಗ ಚೆನ್ನಾಗಿ ನೆನಪಿದೆ ನಿಮಗೆ," ಎಂದಳು ಮಿಲ್ಕಾ.

"ಎಲ್ಲರೂ ತೊಟ್ಟಿ ಪಕ್ಕದಲ್ಲೇ ಇಡೋದು ಮೇಡಂ."

ಮಾತು ಸಹಜವಾಗಿಯೇ ಬಂತು. ಆದರೂ ಅವನ ಕಿವಿ ಕೆಂಪಾಗಿತ್ತು.

"ಮೂವತ್ತೈದು," ಎಂದ ಲ್ಯೂಬೆನ್. ಇನ್ನೊಂದು ಹನಿ ಹಾಕಿ ಮತ್ತೆ ನೋಡಿದ. "ಸರಿಯಾಗಿ ಮೂವತ್ತೈದು. ಇದು ಹೆಂಗೆ?"

"ಬಿಡಿಸಿ ಹೇಳಿ. ನನಗೆ ಉಪ್ಪು ಅಂದ್ರೆ ಸೌತೆಕಾಯಿಗೆ ಹಾಕೋದಷ್ಟೇ ಗೊತ್ತು."

"ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು, ಸಮುದ್ರದಲ್ಲಿರೋ ಅಷ್ಟೇ. ಈ ಮನೆ ಸೆಕೆಗೆ ದಿನಕ್ಕೆ ಎರಡು ಲೀಟರ್ ನೀರು ಆರಿಹೋಗತ್ತೆ. ನೀರು ಹೋಗತ್ತೆ, ಉಪ್ಪು ಹೋಗಲ್ಲ. ಹಂಗಾಗಿ ಯಾರೂ ನೋಡ್ಕೊಳ್ದೆ ಇದ್ರೆ ನೀರು ಇಳಿಯತ್ತೆ, ಉಪ್ಪು ಏರತ್ತೆ. ಮೂರು ದಿನಕ್ಕೆ ಒಂದು ಬೆರಳಾದ್ರೂ ಗೆರೆಯಿಂದ ಕೆಳಗಿಳೀಬೇಕು. ಹನ್ನೊಂದು ದಿನಕ್ಕೆ ಆ ಮೇಲಿನ ಹವಳ ಗಾಳಿಗೆ ಬಿದ್ದು ಸತ್ತಿರಬೇಕು."

"ಹಾಗಾದ್ರೆ ಯಾರೋ ನೀರು ಹಾಕಿದಾರೆ."

"ಬರೀ ಹಾಕಿಲ್ಲ. ತಿಳಿದವರು ಹಾಕಿದಾರೆ. ಗೊತ್ತಿಲ್ದೋರು ಏನ್ಮಾಡ್ತಾರೆ ಗೊತ್ತಾ? ಸಮುದ್ರದ ಜೀವ ತಾನೆ ಅಂತ ಉಪ್ಪುನೀರೇ ಸುರೀತಾರೆ. ಉಪ್ಪಿನ ಮೇಲೆ ಉಪ್ಪು. ತುಂಬಬೇಕಾದ್ದು ಸಿಹಿನೀರು, ಅಗೋ ಆ ಬಿಳಿ ಕ್ಯಾನಿಂದು. ಆ ನೀಲಿ ಡ್ರಮ್ಮಲ್ಲಿರೋ ಉಪ್ಪುನೀರು ತಿಂಗಳಿಗೊಂದು ಸಲ, ಹಳೇ ನೀರು ತೆಗೆದಾಗ ಮಾತ್ರ."

ಆಮೇಲೆ ಅವನು ಗಾಜಿಗೆ ಮುಖ ಒತ್ತಿ ಒಳಗೆ ನೋಡಿದ. ಒಳಬದಿಗೆ ಒಂದು ಕ್ಲಿಪ್ಪು ಸಿಕ್ಕಿಸಿತ್ತು. ಅದರಲ್ಲಿ ಕಡುಹಸಿರು ಪಾಚಿಯ ಒಂದು ಹಾಳೆ. ಎರಡು ಏಡಿಗಳು ಅದಕ್ಕೆ ಜೋತುಬಿದ್ದು ಹರಿಯುತ್ತಿದ್ದವು.

"ಏನಾಯ್ತು?" ಎಂದಳು ಮಿಲ್ಕಾ.

"ಇದು ಇಷ್ಟು ಏಡಿಗಳ ಮಧ್ಯೆ ಅರ್ಧ ದಿನವೂ ಉಳಿಯಲ್ಲ. ಮುಕ್ಕಾಲು ಪಾಲು ಹಂಗೇ ಇದೆ." ಲ್ಯೂಬೆನ್ ಸೊಂಟ ನೆಟ್ಟಗೆ ಮಾಡಿದ. "ಇವತ್ತು ಬೆಳಿಗ್ಗೆ ಇಟ್ಟಿದ್ದು."

ಡೋಬ್ರಿಯ ಕೈ ತಾನಾಗಿಯೇ ಸೊಂಟದ ಪಿಸ್ತೂಲಿಗೆ ಹೋಯಿತು. ಅವನು ಮಲಗುವ ಕೋಣೆಗೆ ನುಗ್ಗಿದ, ಬಚ್ಚಲ ಬಾಗಿಲು ತೆರೆದ, ಬಾಲ್ಕನಿಗೆ ಇಣುಕಿದ. ಯಾರೂ ಇರಲಿಲ್ಲ. ಬೇಸಿಗೆಯಲ್ಲಿ ಹಾಕಿಟ್ಟ ಮೆಣಸಿನಕಾಯಿ ಚಟ್ನಿಯ ಬಾಟಲಿಗಳು ಸಾಲಾಗಿ ಕೂತಿದ್ದವು, ಅಷ್ಟೆ.

"ಒಬ್ಬನನ್ನ ಎತ್ತಿಹಾಕ್ಕೊಂಡು ಹೋದವನು ದಿನಾ ಬಂದು ಅವನ ಏಡಿಗೆ ಊಟ ಹಾಕ್ತಾನಾ?" ಡೋಬ್ರಿಗೆ ತಲೆಕೆಟ್ಟಿತ್ತು. "ಯಾವ ಸೀಮೆ ಕಳ್ಳ ಇವನು!"

ಲ್ಯೂಬೆನ್ ಮಡಿಚಿದ ತೋಳನ್ನು ಇಳಿಸಿಕೊಳ್ಳುತ್ತಿದ್ದ. "ಮನುಷ್ಯನ ಮೇಲೆ ಸಿಟ್ಟು ಬರತ್ತೆ ಅಣ್ಣ. ಇವು ಏನು ಮಾಡಿದ್ವು?" ಎಂದ ಮೆತ್ತಗೆ.

ಆ ಮಾತನ್ನು ಮಿಲ್ಕಾ ನೆನಪಿನಲ್ಲಿಟ್ಟುಕೊಂಡಳು. ಆದರೆ ಅವಳ ತಲೆಯೊಳಗೆ ಅದಕ್ಕಿಂತ ದೊಡ್ಡ ಲೆಕ್ಕ ಓಡುತ್ತಿತ್ತು. ಈ ಮನೆಗೆ ಇರುವುದು ಎರಡೇ ಕೀಲಿ. ಯಾಸೆನ್‌ನದು ಠಾಣೆಯ ಲಕೋಟೆಯಲ್ಲಿದೆ. ಇನ್ನೊಂದು ಸ್ತೋಯಿಲ್‌ನ ಜೇಬಿನಲ್ಲಿ, ಅವನ ಜೊತೆಗೇ ಹೋಗಿದೆ. ಇವತ್ತು ಬೆಳಿಗ್ಗೆ ಯಾಸೆನ್ ಲಾಕಪ್ಪಿನಲ್ಲಿದ್ದ. ಅಂದರೆ ಸ್ತೋಯಿಲ್‌ನ ಕೀಲಿ ಇಟ್ಟುಕೊಂಡು ಓಡಾಡುವವನು ಬೇರೆ ಇದ್ದಾನೆ, ಹುಡುಗನಲ್ಲ. ಮೂರು ದಿನದಿಂದ ಕಾಲಿಗೆ ಕಟ್ಟಿದ ಕಲ್ಲು ಬಿಚ್ಚಿದ ಹಾಗಾಯಿತು ಅವಳಿಗೆ.

"ಡೋಬ್ರಿ, ಸ್ಟಾಂಚೆವ್ ಸಾಹೇಬ್ರಿಗೆ ಈಗ್ಲೇ ಫೋನ್ ಮಾಡು. ನೀರು, ಪಾಚಿ, ಮೂವತ್ತೈದು, ಎಲ್ಲಾ ಹೇಳು. ಹುಡುಗನ್ನ ಇಟ್ಕೊಳ್ಳೋಕೆ ಆಧಾರ ಇಲ್ಲ ಅಂತ ನಾನು ಹೇಳ್ದೆ ಅನ್ನು. ಇಲ್ಲಿ ಸಿಗ್ನಲ್ ಇಲ್ಲ, ಮನೆ ಫೋನ್ ಮೇಲೆ ಬೆರಳಚ್ಚು ಇರಬಹುದು. ಕೆಳಗಿಳಿದು ಮಾಡು."

"ನಾಲ್ಕನೇ ಮಹಡಿ ಮೇಡಂ. ಲಿಫ್ಟ್ ಕೆಟ್ಟಿದೆ."

"ಸೀಲ್ ಹಾಕಿದ್ರೆ ಈ ಮೆಟ್ಟಿಲು ಇಳಿಯೋ ಕೆಲಸ ಇರ್ತಿರಲಿಲ್ಲ."

ಡೋಬ್ರಿ ಮಂಡಿ ಹಿಡಿದುಕೊಂಡು ಹೊರಟ. ಲ್ಯೂಬೆನ್ ಅವನಿಗಿಂತ ಮೊದಲೇ ಶೂ ಹಾಕಿಕೊಂಡು, ಅಂಗಡಿಯಲ್ಲಿ ಯಾರೂ ಇಲ್ಲ ಎಂದು ಹೇಳಿ ಇಳಿದುಬಿಟ್ಟ. ಲೇಸು ಕೂಡ ಕಟ್ಟಿರಲಿಲ್ಲ.

*

ಮೂರೂ ಇಪ್ಪತ್ತಕ್ಕೆ ಎಲ್ಕಾ ಬಂದಳು. ಸ್ತೋಯಿಲ್‌ನ ಅಕ್ಕ, ಯಾಸೆನ್‌ನ ತಾಯಿ. ಅರವತ್ತರ ಹತ್ತಿರ, ಬ್ರೆಡ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಕೋಟಿನ ತೋಳಿನಲ್ಲಿ ಹಿಟ್ಟು ಇನ್ನೂ ಇತ್ತು. ಮಗನಿಗೆಂದು ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಠಾಣೆಗೆ ಹೋಗಿ, ಮೇಡಂ ಇಲ್ಲಿದ್ದಾರೆ ಎಂದು ತಿಳಿದು ಇಲ್ಲಿಗೆ ಬಂದಿದ್ದಳು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ." ಮಿಲ್ಕಾ ತಾನೇ ಕುರ್ಚಿ ಎಳೆದಳು. ಇಂಥ ಸುದ್ದಿ ಹೇಳುವ ಭಾಗ್ಯ ಈ ಕೆಲಸದಲ್ಲಿ ವರ್ಷಕ್ಕೊಂದು ಸಲ ಬರುತ್ತದೆ. "ಯಾಸೆನ್ ಇವತ್ತೇ ಮನೆಗೆ ಬರ್ತಾನೆ. ಅವನು ಒಳಗಿರೋವಾಗ ಇಲ್ಲಿ ಬೇರೆ ಯಾರೋ ಬಂದು ಈ ತೊಟ್ಟಿಗೆ ನೀರು ಹಾಕಿದಾರೆ. ಸಾಕ್ಷಿ ಸಿಕ್ತು."

ತಾಯಿ ಅಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ, ದೇವರಿಗೆ ಕೈಮುಗಿಯುತ್ತಾಳೆ ಎಂದುಕೊಂಡಿದ್ದಳು ಮಿಲ್ಕಾ. ಎಲ್ಕಾ ಅದೊಂದನ್ನೂ ಮಾಡಲಿಲ್ಲ. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಕುರ್ಚಿಯ ಅಂಚು ಹಿಡಿದು ನಿಂತಳು, ಕೂರಲಿಲ್ಲ.

"ನೀರು ಹಾಕಿದ್ದು ನಾನು," ಎಂದಳು.

"ಏನಂದ್ರಿ?"

"ನಾನೇ ಹಾಕಿದ್ದು ಮೇಡಂ. ತಮ್ಮ ವಾಪಸ್ ಬಂದಾಗ ಬೇಜಾರಾಗ್ಬಾರ್ದು ಅಂತ. ಅವನು ಹೋದಾಗಿಂದ ದಿನಾ ಹಾಕ್ತಿದೀನಿ. ಬೇರೆ ಯಾರೂ ಬಂದಿಲ್ಲ."

ಮಿಲ್ಕಾ ಅವಳ ಕಣ್ಣನ್ನೇ ನೋಡಿದಳು. ಎಲ್ಕಾ ತೊಟ್ಟಿಯ ಕಡೆ ನೋಡುತ್ತಿದ್ದಳು, ಅಲ್ಲ, ತೊಟ್ಟಿಯ ಪಕ್ಕದ ಗೋಡೆಯ ಕಡೆ. ಮೂರು ದಿನದ ಹಿಂದೆ ಇದೇ ಹೆಂಗಸು "ನನಗೆ ಆ ಏಡಿ ಕಂಡ್ರೆ ಮೈ ನಡುಗತ್ತೆ, ತಮ್ಮನ ಮನೆಗೆ ಬಂದ್ರೆ ಅಡುಗೆಮನೇಲೇ ಕೂತು ಹೋಗ್ತೀನಿ" ಎಂದು ಹೇಳಿಕೆ ಬರೆಸಿದ್ದಳು.

"ಅಮ್ಮಾ, ನೀವೇನು ಹೇಳ್ತಿದೀರ ಅಂತ ಗೊತ್ತಿದೆಯಾ? ನಿಮ್ಮ ಮಗನನ್ನ ಬಿಡಿಸೋದು ಇದೊಂದೇ ಸಾಕ್ಷಿ. ನೀವೇ ಹಾಕಿದ್ದು ಅಂದ್ರೆ ಅದು ಬಿದ್ದುಹೋಗತ್ತೆ. ನಾಲ್ಕು ಗಂಟೆಗೆ ಅವನ ಮೇಲೆ ಕೊಲೆ ಕೇಸು."

"ಗೊತ್ತು."

"ಗೊತ್ತಿದ್ದೂ ಹೇಳ್ತಿದೀರಾ?"

"ನಿಜ ತಾನೆ ಹೇಳ್ಬೇಕಾದ್ದು ಪೊಲೀಸಿಗೆ?"

"ಸರಿ. ಯಾವ ನೀರು ಹಾಕಿದ್ರಿ?"

ಎಲ್ಕಾ ಕೋಣೆಯ ಸುತ್ತ ಕಣ್ಣಾಡಿಸಿದಳು. "ಯಾವ ನೀರು ಅಂದ್ರೆ? ಸಮುದ್ರದ ಪ್ರಾಣಿಗೆ ಉಪ್ಪುನೀರೇ ತಾನೆ ಹಾಕೋದು? ಅಗೋ, ಆ ನೀಲಿ ಡ್ರಮ್ಮಿಂದ. ಒಂದು ಜಗ್ಗು ತಗೊಂಡು."

"ಬನ್ನಿ ಇಲ್ಲಿ."

ಮಿಲ್ಕಾ ಅವಳ ಮೊಣಕೈ ಹಿಡಿದು ಡ್ರಮ್ಮಿನ ಹತ್ತಿರ ಕರೆದೊಯ್ದಳು. ಮುಚ್ಚಳದ ಸುತ್ತ ಉಪ್ಪು ಬೆಳ್ಳಗೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಎಲ್ಲೂ ಒಂದು ಬಿರುಕಿರಲಿಲ್ಲ. ಮಿಲ್ಕಾ ಮುಚ್ಚಳ ತಿರುಗಿಸಿದಳು. ಉಪ್ಪಿನ ಹೆಕ್ಕಳೆ ಚಟಚಟನೆ ಒಡೆದು ನೆಲದ ಮೇಲೆ ಉದುರಿತು.

"ವಾರಗಟ್ಟಲೆ ಯಾರೂ ತೆಗೆದಿಲ್ಲ ಇದನ್ನ. ಹನ್ನೊಂದು ದಿನ ಈ ನೀರು ಸುರಿದಿದ್ರೆ ತೊಟ್ಟಿ ಉಪ್ಪು ನಲವತ್ತು ದಾಟಿರ್ತಿತ್ತು. ಈಗಷ್ಟೇ ಅಳೆದಿದೀವಿ, ಮೂವತ್ತೈದು. ಇಲ್ಲಿಗೆ ಬರೋನು ಸಿಹಿನೀರು ಹಾಕ್ತಾನೆ. ಅವನಿಗೆ ಕೆಲಸ ಗೊತ್ತು. ನಿಮಗೆ ಗೊತ್ತಿಲ್ಲ."

"ನಾನೇ... ನಲ್ಲಿ ನೀರೂ ಹಾಕಿದ್ದೆ ಒಂದೊಂದ್ಸಲ."

"ಮನೆಯೊಳಗೆ ಹೇಗೆ ಬಂದ್ರಿ?"

ಆ ಪ್ರಶ್ನೆಗೆ ಮಾತ್ರ ಎಲ್ಕಾ ತಯಾರಾಗಿಯೇ ಇದ್ದಳು. ಕೋಟಿನ ಜೇಬಿಗೆ ಕೈಹಾಕಿ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ಇದರಲ್ಲಿ. ನೋಡಿ ಬೇಕಾದ್ರೆ, ತಿರುಗಿಸಿ ನೋಡಿ."

ಅಷ್ಟರಲ್ಲಿ ಡೋಬ್ರಿ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಿದ್ದ. "ಹೇಳಿದೆ ಮೇಡಂ. ನೋಡ್ತೀನಿ ಅಂದ್ರು ಸಾಹೇಬ್ರು. ನಿಮಗೇ ಫೋನ್ ಮಾಡ್ತಾರಂತೆ, ಮನೆ ಲ್ಯಾಂಡ್‌ಲೈನ್ ನಂಬರ್ ಕೊಟ್ಟಿದೀನಿ..." ಅವನ ಕಣ್ಣು ಮೇಜಿನ ಮೇಲೆ ಬಿತ್ತು. "ಅರೆ! ಇದು ಎಲ್ಲಿ ಸಿಕ್ತು?"

ಕೀಲಿಯ ಜೊತೆ ಹೆಬ್ಬೆರಳು ಗಾತ್ರದ ಒಂದು ಕಾರ್ಕಿನ ಬೆಂಡು ಕಟ್ಟಿತ್ತು, ಕೆಂಪು ಬಣ್ಣದ್ದು. ನದಿಗೆ ಬಿದ್ದರೂ ಮುಳುಗದಿರಲಿ ಎಂದು ಹಡಗಿನ ಕೆಲಸದವರು ಕಟ್ಟಿಕೊಳ್ಳುವಂಥದ್ದು. ಸ್ತೋಯಿಲ್ ಮೂವತ್ತು ವರ್ಷ ಡ್ಯಾನ್ಯೂಬ್ ನದಿಯ ಹಡಗುಗಳಲ್ಲಿ ಎಂಜಿನ್ ನೋಡಿಕೊಂಡವನು.

"ಕಾಣೆಯಾದವನ ಮೈಮೇಲಿದ್ದ ವಸ್ತುಗಳು," ಡೋಬ್ರಿ ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಹೇಳಿದ, "ಬೂದು ಕೋಟು, ಕೈಗಡಿಯಾರ, ಕೆಂಪು ಬೆಂಡು ಕಟ್ಟಿದ ಮನೆ ಕೀಲಿ. ನಾನೇ ಬರ್ಕೊಂಡಿದ್ದು. ಹೇಳಿ ಬರೆಸಿದ್ದು ಈ ಅಮ್ಮನೇ!"



ಮಿಲ್ಕಾ ದನಿ ಇಳಿಸಿದಳು. ಎದುರಿಗೆ ನಿಂತವಳು ಸುಳ್ಳುಗಾತಿಯಲ್ಲ, ಸುಳ್ಳು ಹೇಳಲೇಬೇಕಾಗಿ ಬಂದವಳು ಎಂದು ಅವಳಿಗೆ ಈಗ ಖಾತ್ರಿಯಾಗಿತ್ತು. "ಅಮ್ಮಾ, ಈ ಕೀಲಿ ನಿಮ್ಮ ತಮ್ಮನ ಜೇಬಲ್ಲಿತ್ತು. ಅವನನ್ನ ಇಟ್ಕೊಂಡಿರೋನು ನಿಮಗೆ ಕೊಟ್ಟಿದಾನೆ. ಯಾವಾಗ ಕೊಟ್ಟ?"

"ಯಾರೂ ಕೊಟ್ಟಿಲ್ಲ."

"ಇಲ್ಲಿ ನೋಡಿ ನನ್ನ ಕಡೆ. ಒಂದು ಕಡೆ ತಮ್ಮ, ಇನ್ನೊಂದು ಕಡೆ ಹೆತ್ತ ಮಗ. ಮಗನನ್ನ ಬಿಡಿಸೋ ಸಾಕ್ಷಿನ ನಿಮ್ಮ ಕೈಯಾರೆ ಹಾಳು ಮಾಡೋಕೆ ಬಂದಿದೀರಿ. ಯಾವ ತಾಯಿ ಮಾಡ್ತಾಳೆ ಈ ಕೆಲಸ? ಯಾರನ್ನ ಕಾಪಾಡ್ತಿದೀರಿ ನೀವು?"

"ಅವನನ್ನೇ!" ಎಲ್ಕಾಳ ಕಟ್ಟೆ ಒಡೆದುಹೋಯಿತು. ಕುರ್ಚಿಯ ಮೇಲೆ ಕುಸಿದಳು. ಊಟದ ಡಬ್ಬಿ ಕೈಜಾರಿ ಉರುಳಿತು. ತುಂಬಿದ ಮೆಣಸಿನಕಾಯಿ, ಅನ್ನ ನೆಲದ ಪಾಲಾಯಿತು. "ಯಾಸೆನ್‌ನನ್ನೇ ಕಾಪಾಡ್ತಿದೀನಿ ಮಗಳೇ! ಲಾಕಪ್ಪಲ್ಲಿದ್ರೆ ಬದುಕಿರ್ತಾನೆ ನನ್ನ ಮಗ. ಹೊರಗೆ ಬಂದ್ರೆ ಉಳಿಯಲ್ಲ."

"ಯಾರು ಹೇಳಿದ್ದು ಹಾಗಂತ?"

ಎಲ್ಕಾ ಕೋಟಿನ ಒಳಜೇಬಿನಿಂದ ಮಡಿಚಿದ ಒಂದು ಕಾಗದ ತೆಗೆದಳು. ಮಿಲ್ಕಾ ಅದನ್ನು ಇಸಿದುಕೊಂಡು ಬಿಡಿಸಿದಳು.

ಕಪ್ಪು ಅಂಚಿನ ಹಾಳೆ. ಈ ಊರಿನಲ್ಲಿ ಯಾರು ತೀರಿಕೊಂಡರೂ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮರಕ್ಕೆ ಅಂಟಿಸುವ ಸಾವಿನ ಚೀಟಿ. ಮೇಲೆ ಶಿಲುಬೆ. ಕೆಳಗೆ ಯಾಸೆನ್‌ನ ಫೋಟೋ, ಕಾಲೇಜಿನ ಗುರುತುಪತ್ರದ್ದು, ಹಲ್ಲು ಕಾಣುವ ಹಾಗೆ ನಗುತ್ತಿದ್ದ. 'ನಮ್ಮ ಪ್ರೀತಿಯ ಯಾಸೆನ್, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಮ್ಮನ್ನು ಅಗಲಿದ್ದಾನೆ. ದುಃಖತಪ್ತ ತಾಯಿ.' ತಾರೀಕಿನ ಜಾಗ ಖಾಲಿ ಬಿಟ್ಟಿತ್ತು.

"ಶುದ್ಧ ಹಲ್ಕಾ ನನ್ಮಗ," ಎಂದ ಡೋಬ್ರಿ ಹಲ್ಲು ಕಚ್ಚಿ. ಅವನು ತಲೆಯ ಮೇಲಿದ್ದ ಟೋಪಿ ತೆಗೆದಿದ್ದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

"ನಿನ್ನೆ ಪಾಳಿ ಮುಗಿಸಿ ಮನೆಗೆ ಹೋದ್ರೆ ಟಪಾಲು ಪೆಟ್ಟಿಗೇಲಿ ಇತ್ತು. ಕೀಲಿ ಇದರಲ್ಲೇ ಸುತ್ತಿಟ್ಟಿದ್ರು. ಆಮೇಲೆ ಫೋನ್ ಬಂತು." ಎಲ್ಕಾ ಮೂಗು ಒರೆಸಿಕೊಂಡಳು. "ತೊಟ್ಟಿ ವಿಷಯ ಪೊಲೀಸ್ರು ಕೇಳಿದ್ರೆ ನೀನೇ ನೋಡ್ಕೋತಿದ್ದೆ ಅನ್ನು ಅಂದ. ಹುಡುಗ ಒಳಗೇ ಇರಲಿ, ಹೊರಗೆ ಕಾಲಿಟ್ಟ ದಿನ ತಾರೀಕು ನಾನು ತುಂಬ್ತೀನಿ ಅಂದ."

"ಅಂದ್ರೆ ಇವತ್ತು ಬೆಳಿಗ್ಗೆ ಇಲ್ಲಿಗೆ ಬರೋಕೆ ಅವನು ನಕಲು ಕೀಲಿ ಮಾಡಿಸ್ಕೊಂಡಿದಾನೆ. ದನಿ ಯಾರದು? ಪರಿಚಯದ್ದಾ?"

"ಬಾಯಿಗೆ ಬಟ್ಟೆ ಕಟ್ಕೊಂಡು ಮಾತಾಡಿದ ಹಂಗಿತ್ತು. ನನ್ನನ್ನ 'ಎಲ್ಕಾ ಅಕ್ಕ' ಅಂದ. ಅದೇ ನನಗೆ ಭಯ, ಗುರುತಿನವನೇ ಯಾರೋ." ಅವಳು ಮಿಲ್ಕಾಳ ಕೈ ಹಿಡಿದುಕೊಂಡಳು. "ಮಗಳೇ, ನಿನ್ನ ಕಾಲು ಹಿಡೀತೀನಿ. ಅವನನ್ನ ಬಿಡಬೇಡ. ಕೊಲೆಗಾರ ಅಂತ ಊರೆಲ್ಲ ಉಗೀಲಿ ನನ್ನ ಮುಖಕ್ಕೆ, ಪರವಾಗಿಲ್ಲ. ಈ ಚೀಟಿನ ನನ್ನ ಕೈಯಾರೆ ಬಾಗಿಲಿಗೆ ಅಂಟಿಸೋ ಹಂಗೆ ಮಾಡಬೇಡ."

ಮಿಲ್ಕಾ ಗಡಿಯಾರ ನೋಡಿದಳು. ಮೂರೂ ಐವತ್ತೆರಡು. ಬಿಡಿಸಲು ಮೂರು ದಿನ ಒದ್ದಾಡಿದ್ದಳು, ಈಗ ಎಂಟು ನಿಮಿಷದೊಳಗೆ ಬಿಡಬೇಡಿ ಎಂದು ಹೇಳಬೇಕು. ಹೇಳುತ್ತಾಳೆ. ಸ್ಟಾಂಚೆವ್ ನಗಲಿ, ಬೈಯಲಿ, ಹುಡುಗ ಇನ್ನೊಂದು ರಾತ್ರಿ ಕಬ್ಬಿಣದ ಮಂಚದ ಮೇಲೆ ಮಲಗಲಿ. ಜೀವ ಇದ್ದರೆ ಉಳಿದದ್ದನ್ನೆಲ್ಲ ಸರಿ ಮಾಡಬಹುದು.

ಬೆರಳಚ್ಚು ಹಾಳಾದರೂ ಸರಿ ಎಂದು ಅವಳು ಲ್ಯಾಂಡ್‌ಲೈನಿಗೆ ಕೈಚಾಚಿದಳು. ಕೈ ಸೋಕುವ ಮೊದಲೇ ಅದು ಬಡಿದುಕೊಂಡಿತು.

"ತಾನೆವಾ, ಗೆದ್ದೆಯಮ್ಮ ನೀನು!" ಸ್ಟಾಂಚೆವ್‌ನ ದನಿ ಅಷ್ಟು ಗೆಲುವಾಗಿದ್ದದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ನಿನ್ನ ಉಪ್ಪುನೀರಿನ ಕಥೆ ಕೇಳಿ ಮೊದಲು ನಕ್ಕೆ. ಆಮೇಲೆ ಯೋಚನೆ ಮಾಡಿದ್ರೆ ಯಾವ ಜಡ್ಜೂ ನನ್ನ ಕಾಗದ ಮೂಸಿ ನೋಡಲ್ಲ ಅನಿಸ್ತು. ಸುಮ್ನೆ ಮರ್ಯಾದೆ ಯಾಕೆ ಕಳ್ಕೊಳ್ಳೋದು? ಬಿಡುಗಡೆಗೆ ರುಜು ಹಾಕ್ಬಿಟ್ಟೆ."

"ಸಾರ್, ಬೇಡ! ಹುಡುಗನ್ನ ಬಿಡಬೇಡಿ, ದಯವಿಟ್ಟು, ನಾನು ಆಮೇಲೆ ಹೇಳ್ತೀನಿ..."

"ಏನಮ್ಮಾ ಇದು ತಮಾಷೆ? ಬಿಟ್ಟು ಕಾಲು ಗಂಟೆ ಆಯ್ತು. ಕಿಟಕಿಯಿಂದ ನಾನೇ ನೋಡಿದೆ, ಗೇಟ್ ಹತ್ರ ಕಾರು ಕಾಯ್ತಿತ್ತು. ಹುಡುಗ ನಗ್ತಾ ಹತ್ತಿಕೊಂಡ. ಅವನ ತಾಯಿ ಕಳಿಸಿದ ಕಾರಂತೆ."

ರಿಸೀವರಿನ ಆ ಗಟ್ಟಿ ದನಿ ಕೋಣೆಗೆಲ್ಲ ಕೇಳಿಸಿತ್ತು.

ಎಲ್ಕಾ ಎದ್ದು ನಿಂತಿದ್ದಳು. "ನಾನು ಯಾವ ಕಾರೂ ಕಳಿಸಿಲ್ಲ," ಎಂದಳು.